ಪಹಣಿಯ ಸಾಲ ಕಳೆದುಹೋಗದಂತೆ ಸಾಫ್ಟ್‌ವೇರ್ ಬದಲಿಸುವುದು ಹೇಗೆ?

ಕೋಲಾರ ಜಿಲ್ಲೆಯ ಯಾವುದಾದರೂ ಹಳ್ಳಿಯ ಒಂದು ಪಹಣಿ ಹಿಡಿದು ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ. ‘ಮುನಿವೆಂಕಟಪ್ಪ ಬಿನ್ ದೊಡ್ಡಮುನಿಯಪ್ಪ’ ಅಂತ ಇದೆ ಎಂದುಕೊಳ್ಳೋಣ. ಅದೇ ಮನುಷ್ಯನ ಇನ್ನೊಂದು ಸರ್ವೆ ನಂಬರಿನಲ್ಲಿ ‘ಮುನಿ ವೆಂಕಟಪ್ಪ’ ಅಂತ ಬಿಡಿಸಿ ಬರೆದಿರಬಹುದು. ಮೂರನೆಯದರಲ್ಲಿ ಅಪ್ಪನ ಹೆಸರೇ ಇಲ್ಲದಿರಬಹುದು. ಊರಿನವರನ್ನು ಕೇಳಿದರೆ ಮೂರೂ ಒಬ್ಬರೇ. ಕಂಪ್ಯೂಟರನ್ನು ಕೇಳಿದರೆ ಮೂವರು.

ಬೆರಳಚ್ಚಿನ ತಪ್ಪು ಅಂತ ಇದನ್ನು ಬಿಟ್ಟುಬಿಡೋಕಾಗಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಬಂದವು. ಕಾಗದದಲ್ಲಿ ಹೆಸರು ಅಂದರೆ ಬರೀ ಅಕ್ಷರ. ಅದು ಅಕ್ಷರವಾಗಿಯೇ ಒಳಗೆ ಹೋಯಿತು. ಮುಂದೆ 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ರಾಜ್ಯದ ತುಂಬಾ ನಡೆಯಿತು. ಆಗ ಎದ್ದ ಪ್ರಶ್ನೆಯೇ ಬೇರೆ: ಈ ಅಕ್ಷರಗಳ ಹಿಂದೆ ಇರುವ ಮನುಷ್ಯ ಯಾರು? ಅಕ್ಷರ ಇದ್ದ ಜಾಗಕ್ಕೆ ಮನುಷ್ಯ ಬರಬೇಕು. ನೋಡೋಕೆ ಒಂದು ಕಾಲಂ ಸೇರಿಸಿದ ಹಾಗೆ ಇರುತ್ತದೆ. ಒಳಗೆ ಬದಲಾಗುವುದು ಇಡೀ ವ್ಯವಸ್ಥೆಯ ಆಕಾರ.

ಸಹಕಾರ ಸಂಘ, ಹಾಲಿನ ಡೇರಿ, ಟೊಮೆಟೊ ಮಂಡಿ, ರೇಷ್ಮೆಗೂಡಿನ ಮಾರುಕಟ್ಟೆ, ಎಲ್ಲ ಕಡೆ ಇದೇ ಕಥೆ. ಹಳೇ ಸಾಫ್ಟ್‌ವೇರ್ ಇದೆ, ಅದನ್ನು ಹೊಸದಕ್ಕೆ ಬದಲಿಸಬೇಕು. ಹಿಂದೆ ಹತ್ತಾರು ಹುಡುಗರನ್ನು ಕೂರಿಸಿ ಸಾಲು ಸಾಲಾಗಿ ತಿದ್ದಿಸುತ್ತಿದ್ದರು. ಈಗ ಹಳೇ ಕೋಡನ್ನು ಎಐ ಮುಂದೆ ಸುರಿದು ‘ಹೊಸದಾಗಿ ಬರೆದುಕೊಡು’ ಅನ್ನುತ್ತಾರೆ. ಎರಡರಲ್ಲೂ ಕೊರತೆ ಒಂದೇ. ಯಾವ ನಿಯಮದ ಪ್ರಕಾರ ಬದಲಾಯಿಸಿದೆವು ಅನ್ನುವುದು ಎಲ್ಲೂ ಬರೆದಿರುವುದಿಲ್ಲ. ಹಳೆಯದು ಒಂದು ಕಡೆ, ಹೊಸದು ಇನ್ನೊಂದು ಕಡೆ, ನಡುವೆ ಏನಾಯಿತು ಅಂತ ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಇನ್ನೊಂದು ದಾರಿ ಇದೆ. ವಯಸ್ಸು ಐವತ್ತು ವರ್ಷಕ್ಕೂ ಜಾಸ್ತಿ. ಬದಲಾವಣೆಯನ್ನೇ ಒಂದು ವ್ಯಾಕರಣವಾಗಿ ಬರೆಯುವುದು. ಎಐ ಬಂದ ಮೇಲೆ ಇದು ಹಳೆಯದಾಯಿತು ಅಂತ ಹಲವರು ಅಂದುಕೊಂಡಿದ್ದಾರೆ. ನನಗೆ ಅನ್ನಿಸುವುದು ಉಲ್ಟಾ. ಇದರ ಬೆಲೆ ಗೊತ್ತಾಗುವ ಕಾಲ ಈಗ ಬಂದಿದೆ.

ಸಂಧಿ ಓದಿದವರಿಗೆ ಅರ್ಧ ಗೊತ್ತಿರುವುದೇ

ವ್ಯಾಕರಣ ಅಂದ ತಕ್ಷಣ ಹೈಸ್ಕೂಲಿನ ಸಂಧಿ ಪಾಠ ನೆನಪಾಗುತ್ತದೆ. ನೆನಪಾಗಲಿ, ಇಲ್ಲಿ ಬೇಕಾದದ್ದೂ ಅದೇ. ಮಳೆ, ಕಾಲ ಸೇರಿದರೆ ಮಳೆಗಾಲ. ‘ಕ’ ಇದ್ದ ಜಾಗಕ್ಕೆ ‘ಗ’ ಬಂತು, ಆದೇಶ. ಊರು, ಅಲ್ಲಿ ಸೇರಿದರೆ ಊರಲ್ಲಿ. ‘ಉ’ ಬಿದ್ದುಹೋಯಿತು, ಲೋಪ. ಮನೆ, ಅಲ್ಲಿ ಸೇರಿದರೆ ಮನೆಯಲ್ಲಿ. ‘ಯ’ ಹೊಸದಾಗಿ ಬಂತು, ಆಗಮ. ಬದಲಿಸು, ತೆಗೆ, ಸೇರಿಸು. ಪ್ರತಿ ನಿಯಮಕ್ಕೂ ಎಡಗಡೆ ಒಂದಿದೆ, ಬಲಗಡೆ ಒಂದಿದೆ. ಎಡಗಡೆಯದು ಎಲ್ಲಿ ಕಂಡರೂ ಅಲ್ಲಿ ಬಲಗಡೆಯದನ್ನು ಇಡು.

ಜೊತೆಗೆ ಒಂದು ಷರತ್ತೂ ಇತ್ತು, ನೆನಪಿದೆಯಾ? ಅರ್ಥ ಕೆಡುವ ಹಾಗಿದ್ದರೆ ಲೋಪ ಮಾಡಬಾರದು. ಅದಕ್ಕೇ ಗುರು, ಅನ್ನು ಸೇರಿದರೆ ‘ಗುರನ್ನು’ ಆಗುವುದಿಲ್ಲ, ‘ಗುರುವನ್ನು’ ಆಗುತ್ತದೆ. ಈ ಷರತ್ತನ್ನು ಹಾಗೇ ಇಟ್ಟುಕೊಳ್ಳಿ. ಪಹಣಿಗೆ ಬಂದಾಗ ಇದೇ ಮುಖ್ಯವಾಗುತ್ತದೆ.

ಪಾಣಿನಿ ಸುಮಾರು 4,000 ಸೂತ್ರಗಳಲ್ಲಿ ಸಂಸ್ಕೃತವನ್ನು ಹೀಗೆ ಕಟ್ಟಿಹಾಕಿದ. ಗಣಿತದ ಕಡೆಯಿಂದ ನಾರ್ವೆಯ ಆಕ್ಸೆಲ್ ಥೂ 1914ರಲ್ಲಿ ಅಕ್ಷರಗಳ ಸಾಲುಗಳನ್ನು ನಿಯಮದ ಪ್ರಕಾರ ತಿದ್ದಿ ಬರೆಯುವ ವಿಚಾರ ಎತ್ತಿದರು. 1956ರಲ್ಲಿ ನೋಮ್ ಚಾಮ್‌ಸ್ಕಿ ವ್ಯಾಕರಣಗಳನ್ನು ಅವುಗಳ ಬಲದ ಪ್ರಕಾರ ವಿಂಗಡಿಸಿದರು. ಜಾನ್ ಬ್ಯಾಕಸ್ 1959ರಲ್ಲಿ ಪ್ರೋಗ್ರಾಮಿಂಗ್ ಭಾಷೆಗೆ ವ್ಯಾಕರಣ ಬರೆಯುವ ಒಂದು ಬಗೆ ಕೊಟ್ಟರು. ಪೀಟರ್ ನೌರ್ ಆಲ್ಗಾಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 1960ರ ವರದಿಯಲ್ಲಿ ಅದನ್ನು ತಿದ್ದಿ ಬಳಸಿದರು. ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಇಂದು ಯಾವ ಕಂಪೈಲರ್ ತೆಗೆದರೂ ಒಳಗೆ ಈ ಮನೆತನದ ಒಂದು ವ್ಯಾಕರಣ ಇದ್ದೇ ಇರುತ್ತದೆ.

ಇಷ್ಟೂ ಅಕ್ಷರಗಳ ಸಾಲಿಗೆ ಸಂಬಂಧಪಟ್ಟದ್ದು. ಸಾಫ್ಟ್‌ವೇರಿನ ಮಾದರಿ ಸಾಲಿನಲ್ಲಿ ಇರುವುದಿಲ್ಲ. ಕಚೇರಿಯ ಬಿಳಿ ಬೋರ್ಡಿನ ಮೇಲೆ ಡಬ್ಬಿ ಬರೆದು, ಡಬ್ಬಿಯಿಂದ ಡಬ್ಬಿಗೆ ಬಾಣ ಎಳೆಯುತ್ತಾರಲ್ಲ, ಅದು ಮಾದರಿ. ಈ ಡಬ್ಬಿ ಬಾಣಗಳಿಗೆ ಎಲ್ಲರೂ ಒಪ್ಪುವ ಒಂದು ಬರವಣಿಗೆ ಇರಲಿ ಅಂತ 1997ರಲ್ಲಿ ಯುಎಂಎಲ್ ಅನ್ನು ಮಾನಕ ಮಾಡಿದರು. ಗಣಿತದಲ್ಲಿ ಇಂಥ ಚಿತ್ರಕ್ಕೆ ಗ್ರಾಫ್ ಅನ್ನುತ್ತಾರೆ. ಸಾಲಿನಲ್ಲಿ ಒಂದು ಅಕ್ಷರದ ಹಿಂದೆ ಒಂದು, ಮುಂದೆ ಒಂದು, ಅಷ್ಟೇ. ಗ್ರಾಫಿನಲ್ಲಿ ಒಂದು ಡಬ್ಬಿಗೆ ಎಷ್ಟು ಕಡೆಯಿಂದ ಬೇಕಾದರೂ ಕೊಂಡಿ ಇರಬಹುದು. ಹಾಗಾಗಿ ಒಂದು ತುಂಡು ತೆಗೆದು ಇನ್ನೊಂದು ಇಡುವುದು ಇಲ್ಲಿ ಸುಲಭವಲ್ಲ. ತೆಗೆದ ತುಂಡಿಗೆ ಅಂಟಿಕೊಂಡಿದ್ದ ಕೊಂಡಿಗಳನ್ನೆಲ್ಲ ಏನು ಮಾಡಬೇಕು?

1969ರಲ್ಲಿ ಜಾನ್ ಫಾಲ್ಟ್ಸ್ ಮತ್ತು ಅಝ್ರಿಯೆಲ್ ರೋಸೆನ್‌ಫೆಲ್ಡ್ ಗ್ರಾಫಿಗೆ ಮೊದಲ ವ್ಯಾಕರಣಗಳನ್ನು ಬರೆದರು. 1973ರಲ್ಲಿ ಹಾರ್ಟ್‌ಮುಟ್ ಎರಿಗ್, ಮಿಖಾಯೆಲ್ ಫೆಂಡರ್, ಹಾನ್ಸ್ ಯುರ್ಗೆನ್ ಶ್ನೈಡರ್ ಮೂವರೂ ಸೇರಿ ಅದಕ್ಕೆ ಗಟ್ಟಿಯಾದ ಗಣಿತದ ತಳಪಾಯ ಹಾಕಿದರು. ಅವರ ಹೆಚ್ಚುಗಾರಿಕೆ ಇಷ್ಟು: ನಿಯಮಕ್ಕೆ ಎಡ ಬಲ ಎರಡೇ ಸಾಲದು, ನಡುವೆ ಇನ್ನೊಂದು ಬೇಕು ಅಂತ ಕಂಡುಕೊಂಡರು. ಎಡಗಡೆ ಈಗ ಏನಿದೆ, ಬಲಗಡೆ ಮುಂದೆ ಏನಿರಬೇಕು, ನಡುವೆ ಮುಟ್ಟದೆ ಉಳಿಸಬೇಕಾದ್ದು ಏನು. ಎಡದಲ್ಲಿದ್ದು ನಡುವಿನಲ್ಲಿ ಇಲ್ಲದ್ದು ಅಳಿಯುತ್ತದೆ. ಬಲದಲ್ಲಿದ್ದು ನಡುವಿನಲ್ಲಿ ಇಲ್ಲದ್ದು ಹೊಸದಾಗಿ ಹುಟ್ಟುತ್ತದೆ.

ಒಂದು ಪಹಣಿ, ಒಂದು ನಿಯಮ

ಈಗ ಪಹಣಿಗೆ ಬರೋಣ. ಹಾಳೆಯನ್ನು ಮುಂದಿಟ್ಟುಕೊಂಡು ನಾವೇ ಒಂದು ಮಾದರಿ ಬರೆಯೋಣ. ಹಳೇ ಮಾದರಿಯಲ್ಲಿ ‘ಪಹಣಿ’ ಅಂತ ಒಂದೇ ಡಬ್ಬಿ. ಅದರೊಳಗೆ ಸರ್ವೆ ನಂಬರ್, ವಿಸ್ತೀರ್ಣ, ಮಾಲೀಕರ ಹೆಸರು, ಎಲ್ಲ ಬರಹದ ರೂಪದಲ್ಲಿ. 11ನೇ ಕಾಲಂನ ಹಕ್ಕು ಮತ್ತು ಋಣದ ವಿವರ ಬ್ಯಾಂಕಿನ ಅಥವಾ ಸೊಸೈಟಿಯ ಸಾಲದ ಡಬ್ಬಿಯಿಂದ ಒಂದು ಕೊಂಡಿಯಾಗಿ ಬಂದು ಪಹಣಿಗೆ ಅಂಟಿಕೊಂಡಿದೆ. ಹೊಸ ಮಾದರಿಯಲ್ಲಿ ‘ಜಮೀನು’ ಬೇರೆ, ‘ವ್ಯಕ್ತಿ’ ಬೇರೆ. ಇಬ್ಬರ ನಡುವೆ ‘ಹಕ್ಕು’ ಅನ್ನುವ ಡಬ್ಬಿ, ಅದರಲ್ಲಿ ಎಷ್ಟು ಪಾಲು ಅನ್ನುವುದು.

ಮೊದಲ ನಿಯಮ ಹೀಗೆ. ಎಡಗಡೆ: ಯಾವುದೋ ಒಂದು ಡಬ್ಬಿ, ಅದರೊಳಗೆ ಬರಹದ ರೂಪದಲ್ಲಿ ಒಬ್ಬ ಮನುಷ್ಯನ ಹೆಸರು. ಬಲಗಡೆ: ಅದೇ ಡಬ್ಬಿ, ಪಕ್ಕದಲ್ಲಿ ‘ವ್ಯಕ್ತಿ’ ಡಬ್ಬಿ, ನಡುವೆ ಕೊಂಡಿ. ಷರತ್ತು: ‘ವ್ಯಕ್ತಿ’ ಡಬ್ಬಿ ಈಗಾಗಲೇ ಮಾದರಿಯಲ್ಲಿ ಇದ್ದರೆ ಇನ್ನೊಂದನ್ನು ಹುಟ್ಟಿಸಬೇಡ, ಇರುವುದಕ್ಕೇ ಕೊಂಡಿ ಹಾಕು.

ಈ ನಿಯಮದಲ್ಲಿ ‘ಪಹಣಿ’ ಅನ್ನುವ ಮಾತೇ ಇಲ್ಲ, ಗಮನಿಸಿದಿರಾ? ಡೇರಿಯ ಸಾಫ್ಟ್‌ವೇರಿನಲ್ಲಿ ಸದಸ್ಯರ ಹೆಸರು, ಮಂಡಿಯ ಬಿಲ್ಲಿನಲ್ಲಿ ರೈತರ ಹೆಸರು, ಸೊಸೈಟಿಯಲ್ಲಿ ಸಾಲಗಾರರ ಹೆಸರು, ಎಲ್ಲೆಲ್ಲಿ ಈ ಆಕಾರ ಇದೆಯೋ ಅಲ್ಲೆಲ್ಲ ಇದೇ ನಿಯಮ ಹೊಂದುತ್ತದೆ. ನೂರು ಕಡೆ ಕೈಯಲ್ಲಿ ತಿದ್ದುವ ಕೆಲಸ ಒಂದು ಚಿತ್ರಕ್ಕೆ ಇಳಿಯಿತು. ಷರತ್ತು ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನುವುದೂ ನೋಡಬೇಕಾದ್ದೇ. ವ್ಯಕ್ತಿಯ ಡಬ್ಬಿಯಲ್ಲೂ ಬರಹದ ರೂಪದಲ್ಲಿ ಹೆಸರು ಇರುತ್ತದೆ. ನಿಯಮ ಅದನ್ನೂ ಹಿಡಿದು ಇನ್ನೊಬ್ಬ ವ್ಯಕ್ತಿಯನ್ನು ಹುಟ್ಟಿಸುತ್ತದೆ. ಅವನಿಗೂ ಹೆಸರಿದೆ, ಮತ್ತೊಬ್ಬ ಹುಟ್ಟುತ್ತಾನೆ. ನಿಲ್ಲುವುದೇ ಇಲ್ಲ. ಷರತ್ತು ಇದ್ದರೂ ‘ವ್ಯಕ್ತಿ ಡಬ್ಬಿಯ ಒಳಗಿನ ಹೆಸರನ್ನು ಮುಟ್ಟಬೇಡ’ ಅಂತ ಇನ್ನೊಂದು ಮಾತು ಸೇರಿಸಿದರೇ ಕ್ಷೇಮ. ಇಲ್ಲದಿದ್ದರೆ ವ್ಯಕ್ತಿ ತನಗೆ ತಾನೇ ಕೊಂಡಿ ಹಾಕಿಕೊಂಡು ಕೂರುತ್ತಾನೆ.

ಎರಡನೆಯ ನಿಯಮಕ್ಕೆ ಬಂದಾಗ ನಿಜವಾದ ತೊಡಕು. ಹಳೇ ‘ಪಹಣಿ’ ಡಬ್ಬಿ ತೆಗೆದು ಆ ಜಾಗದಲ್ಲಿ ‘ಜಮೀನು’ ಮತ್ತು ‘ಹಕ್ಕು’ ಇಡಬೇಕು. ನಿಯಮ ಬರೆದವನು ಮಾಲೀಕನನ್ನು ನೋಡಿದ, ಸರ್ವೆ ನಂಬರ್ ನೋಡಿದ. ಸಾಲದ ಕಡೆಯಿಂದ ಬಂದು ಅಂಟಿಕೊಂಡಿದ್ದ ಕೊಂಡಿಯನ್ನು ಮರೆತ. ಈಗ ನಿಯಮ ಓಡಿಸಿದರೆ? ಪಹಣಿ ಡಬ್ಬಿ ಹೋಗುತ್ತದೆ, ಸಾಲದ ಕೊಂಡಿಯ ಒಂದು ತುದಿ ಗಾಳಿಯಲ್ಲಿ ನೇತಾಡುತ್ತದೆ.

ಎರಿಗ್ ಮತ್ತು ಸಂಗಡಿಗರ ಪದ್ಧತಿಯಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಅಳಿಸಬೇಕಾದ ಡಬ್ಬಿಗೆ ನಿಯಮದಲ್ಲಿ ಹೇಳದ ಒಂದು ಕೊಂಡಿ ಅಂಟಿಕೊಂಡಿದ್ದರೂ ಸಾಕು, ನಿಯಮ ಅಲ್ಲಿ ಓಡುವುದಿಲ್ಲ. ಮುಂದೆ ಬಂದ ಇನ್ನೊಂದು ಪದ್ಧತಿ ಧಾರಾಳಿ. ಡಬ್ಬಿ ತೆಗೆಯುತ್ತದೆ, ನೇತಾಡುವ ಕೊಂಡಿಗಳನ್ನೂ ಗುಡಿಸಿ ಹಾಕುತ್ತದೆ. ಕೆಲಸ ಸಲೀಸು, ತಕರಾರು ಇಲ್ಲ. ಸಾಲ ಮಾತ್ರ ಮಾಯ! ರೈತನಿಗೆ ಒಂದು ಗಳಿಗೆ ಖುಷಿಯಾಗಬಹುದು. ಆ ಜಮೀನನ್ನು ಮುಂದೆ ಕೊಂಡುಕೊಂಡವನಿಗೆ ಗ್ರಹಚಾರ.

ಎರಡರಲ್ಲಿ ಯಾವುದು ಒಳ್ಳೆಯದು ಅಂತ ಪಂಡಿತರು ವಾದ ಮಾಡುತ್ತಾರೆ. ನನ್ನ ಮಟ್ಟಿಗೆ ಅದು ವಾದದ ವಿಷಯವೇ ಅಲ್ಲ. ಹಕ್ಕು, ಹಣ, ಆಸ್ತಿ ಇರುವ ಕಡೆ ಹಟಮಾರಿ ಪದ್ಧತಿಯೇ ಬೇಕು. ನಾಳೆ ಎಸೆಯುವ ಲಾಗ್ ಫೈಲಿಗೆ ಧಾರಾಳಿ ಇರಲಿ. ಸಂಧಿಯಲ್ಲಿ ಹೇಳಿದ ಹಾಗೆ, ಅರ್ಥ ಕೆಡುವ ಕಡೆ ಲೋಪ ಮಾಡಬಾರದು.

ಒಂದು ಕಿವಿಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಹಣಿಯಲ್ಲಿ ವಿಸ್ತೀರ್ಣ 2.10 ಅಂತ ಬರೆದಿದ್ದರೆ 2 ಎಕರೆ 10 ಗುಂಟೆ. ಎಕರೆಗೆ 40 ಗುಂಟೆ, ಆದ್ದರಿಂದ ಒಟ್ಟು 90 ಗುಂಟೆ. ಹೊಸ ಮಾದರಿ ಬರೆಯುವವನು ನಮ್ಮ ಕಡೆಯವನಲ್ಲದಿದ್ದರೆ ನಡುವೆ ಇರುವ ಚುಕ್ಕೆಯನ್ನು ದಶಮಾಂಶ ಅಂದುಕೊಳ್ಳುತ್ತಾನೆ. 2.1 ಎಕರೆ ಅಂದರೆ 84 ಗುಂಟೆ. 6 ಗುಂಟೆ ಹೋಯಿತು! ಗುಂಟೆಯ ಕೆಳಗೆ ಆಣೆ ಬೇರೆ ಇದೆ, 16 ಆಣೆಗೆ ಒಂದು ಗುಂಟೆ. ಇಂಥದ್ದನ್ನು ಗ್ರಾಫ್ ವ್ಯಾಕರಣ ತಾನಾಗಿಯೇ ಹಿಡಿಯುವುದಿಲ್ಲ. ‘ಎಕರೆ-ಗುಂಟೆ-ಆಣೆ’ ಅನ್ನುವುದನ್ನೇ ಒಂದು ಬಗೆಯಾಗಿ ಮಾದರಿಯಲ್ಲಿ ಹೇಳಿದ್ದರೆ ಮಾತ್ರ ಹಿಡಿಯುತ್ತದೆ. ಮಾದರಿಯಲ್ಲಿ ಇಲ್ಲದ್ದು ನಿಯಮಕ್ಕೆ ಕಾಣುವುದಿಲ್ಲ.

ಯಾವುದು ಮೊದಲು?

ನಿಯಮಗಳು ಒಂದೊಂದಾಗಿ ಸರಿ ಇದ್ದು, ಸೇರಿದಾಗ ಜಗಳವಾಡುವುದು ಉಂಟು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನನ್ನ ಲೆಕ್ಕದಲ್ಲಿ ಇಡೀ ವಿಷಯದ ತಿರುಳು ಇರುವುದು ಇಲ್ಲಿಯೇ.

ಅದೇ 2 ಎಕರೆ 10 ಗುಂಟೆಗೆ ಜಂಟಿ ಖಾತೆ ಇದೆ. 9ನೇ ಕಾಲಂನಲ್ಲಿ ಮೂರು ಹೆಸರು: ಮುನಿವೆಂಕಟಪ್ಪ, ಮುನಿ ವೆಂಕಟಪ್ಪ, ನಾರಾಯಣಮ್ಮ. ನಮ್ಮ ಹತ್ತಿರ ಎರಡು ನಿಯಮ ಇವೆ. ‘ಪಾಲು’ ನಿಯಮ ಹೇಳುತ್ತದೆ: ಜಂಟಿ ಖಾತೆಯಲ್ಲಿ ಪಾಲು ಬರೆದಿಲ್ಲದಿದ್ದರೆ ಎಲ್ಲರಿಗೂ ಸಮ ಹಂಚು. ‘ಕೂಡಿಸು’ ನಿಯಮ ಹೇಳುತ್ತದೆ: ಎರಡು ಹೆಸರಿಗೆ ಒಂದೇ ಆಧಾರ್ ಇದ್ದರೆ ಇಬ್ಬರನ್ನೂ ಒಬ್ಬರನ್ನಾಗಿ ಮಾಡು, ಅವರ ಪಾಲನ್ನೂ ಕೂಡಿಸು.

ಮೊದಲು ಕೂಡಿಸಿ ಆಮೇಲೆ ಹಂಚಿದರೆ ಉಳಿಯುವುದು ಇಬ್ಬರು. ತಲಾ 45 ಗುಂಟೆ. ಮೊದಲು ಹಂಚಿ ಆಮೇಲೆ ಕೂಡಿಸಿದರೆ ಮೂರು ಹೆಸರಿಗೆ ತಲಾ 30 ಗುಂಟೆ ಆಗಿ, ಮುನಿವೆಂಕಟಪ್ಪನಿಗೆ 60 ಗುಂಟೆ, ನಾರಾಯಣಮ್ಮನಿಗೆ 30. ಎರಡರಲ್ಲೂ ಒಟ್ಟು 90 ಗುಂಟೆ. ಲೆಕ್ಕ ತಾಳೆ ಆಗುತ್ತದೆ. ‘ಹಳೇ ವಿಸ್ತೀರ್ಣ, ಹೊಸ ವಿಸ್ತೀರ್ಣ ಸಮ ಇದೆಯಾ’ ಅಂತ ನೋಡುವ ಪರೀಕ್ಷೆ ಎರಡನ್ನೂ ಪಾಸು ಮಾಡುತ್ತದೆ. ನಾರಾಯಣಮ್ಮನಿಗೆ ಮಾತ್ರ 15 ಗುಂಟೆ ವ್ಯತ್ಯಾಸ. ಒಂದೇ ತಾಲ್ಲೂಕಿನಲ್ಲಿ ಕೆಲವು ದಾಖಲೆಗಳು ಒಂದು ಕ್ರಮದಲ್ಲಿ, ಉಳಿದವು ಇನ್ನೊಂದು ಕ್ರಮದಲ್ಲಿ ಓಡಿದ್ದರೆ? ಯಾರಿಗೂ ಗೊತ್ತಾಗುವುದಿಲ್ಲ, ನಾರಾಯಣಮ್ಮ ಕೋರ್ಟಿಗೆ ಹೋಗುವವರೆಗೆ.

ಕೋಡಿನಲ್ಲಿ ಈ ಎರಡು ನಿಯಮ ಎಲ್ಲೋ ಎರಡು ಫೈಲಿನಲ್ಲಿ ಹೂತುಹೋಗಿರುತ್ತವೆ. ವ್ಯಾಕರಣವಾಗಿ ಬರೆದಿದ್ದರೆ ಅವುಗಳನ್ನು ಜೋಡಿ ಜೋಡಿಯಾಗಿ ಎದುರಿಟ್ಟು ಪರೀಕ್ಷೆ ಮಾಡಬಹುದು. ಒಂದು ನಿಯಮ ಅಳಿಸುವುದನ್ನು ಇನ್ನೊಂದು ಬಳಸುತ್ತದೆಯೇ? ಬಳಸುತ್ತದೆ ಅಂದರೆ ಅಲ್ಲಿ ಜಗಳ ಇದೆ. ಇಲ್ಲಿ ‘ಕೂಡಿಸು’ ಒಂದು ಹೆಸರನ್ನು ಅಳಿಸುತ್ತದೆ, ‘ಪಾಲು’ ಅದೇ ಹೆಸರನ್ನು ಎಣಿಸುತ್ತದೆ. ಸಿಕ್ಕಿಬಿತ್ತು. ಇದಕ್ಕೆ ಕ್ರಿಟಿಕಲ್ ಪೇರ್ ವಿಶ್ಲೇಷಣೆ ಅನ್ನುತ್ತಾರೆ. ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ಎಜಿಜಿ, ಎಕ್ಲಿಪ್ಸ್ ಬಳಗದ ಹೆನ್ಶಿನ್ ಮುಂತಾದ ಸಾಧನಗಳು ಇದನ್ನು ಮಾಡುತ್ತವೆ. ಒಬ್ಬ ರೈತನ ಒಂದು ದಾಖಲೆಯನ್ನೂ ಮುಟ್ಟದೆ, ನಿಯಮಗಳನ್ನಷ್ಟೇ ನೋಡಿ ಇಷ್ಟು ಹೇಳುತ್ತವೆ ಅನ್ನುವುದೇ ಇದರ ಲಾಭ.

ಇದರ ಹಿಂದಿನ ಗಣಿತ ಹಳೆಯದು. 1942ರಲ್ಲಿ ಮ್ಯಾಕ್ಸ್ ನ್ಯೂಮನ್ ಒಂದು ಮಾತು ಸಾಧಿಸಿ ತೋರಿಸಿದರು: ನಿಯಮಗಳು ಎಲ್ಲೋ ಒಂದು ಕಡೆ ನಿಂತೇ ನಿಲ್ಲುತ್ತವೆ ಅಂತಾದರೆ, ಒಂದೊಂದು ಹೆಜ್ಜೆಯ ಕವಲೂ ಮುಂದೆ ಮತ್ತೆ ಕೂಡುತ್ತದೆ ಅಂತಾದರೆ, ಯಾವ ಕ್ರಮದಲ್ಲಿ ಹೋದರೂ ಕೊನೆಗೆ ಸಿಗುವುದು ಒಂದೇ ಉತ್ತರ. ಗ್ರಾಫಿನಲ್ಲಿ ಇದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕೊಟ್ಟ ಗ್ರಾಫ್ ನಿಯಮಗಳು ನಿಲ್ಲುತ್ತವೆಯೋ ಇಲ್ಲವೋ ಎಂದು ಎಲ್ಲ ಸಂದರ್ಭಕ್ಕೂ ಹೇಳಬಲ್ಲ ಪ್ರೋಗ್ರಾಂ ಸಾಧ್ಯವೇ ಇಲ್ಲ ಅಂತ 1998ರಲ್ಲಿ ಡೆಟ್ಲೆಫ್ ಪ್ಲಂಪ್ ತೋರಿಸಿದರು. ಅಂದರೆ ಮಂತ್ರದಂಡ ಅಂತ ಯಾವುದೂ ಇಲ್ಲ. ಆದರೆ ಬದಲಾವಣೆಗೆ ಬರೆಯುವ ನಿಯಮಗಳು ಸಾಮಾನ್ಯವಾಗಿ ಸಣ್ಣವು, ಹಳೆಯದನ್ನು ಕರಗಿಸುತ್ತಾ ಹೋಗುವಂಥವು. ‘ಪ್ರತಿ ಸಲ ಹಳೇ ಬಗೆಯ ಡಬ್ಬಿ ಒಂದು ಕಡಿಮೆ ಆಗುತ್ತದೆ, ಆ ಬಗೆಯದು ಮತ್ತೆ ಹುಟ್ಟುವುದಿಲ್ಲ’ ಅಂತ ತೋರಿಸಿದರೆ ನಿಲ್ಲುವುದು ಖಾತ್ರಿ.

ಎರಡು ವ್ಯವಸ್ಥೆಗಳ ನಡುವೆ

ಬದಲಾವಣೆ ಒಂದೇ ಸಲದ್ದಾಗಿದ್ದರೆ ಪುಣ್ಯ. ಬಹಳ ಸಲ ಹಳೆಯದು, ಹೊಸದು ಎರಡೂ ಜೊತೆಯಲ್ಲೇ ಓಡುತ್ತಿರುತ್ತವೆ. ನೋಂದಣಿ ಇಲಾಖೆಯದು ‘ಕಾವೇರಿ’, ಕಂದಾಯದ್ದು ‘ಭೂಮಿ’. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ಆದ ಮೇಲೆ ಅದರ ವಿವರ ಇರುವ ಜೆ-ಸ್ಲಿಪ್ ಕಂದಾಯದ ಕಡೆ ಬಂದು, ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ, ಶುರುವಾಗುತ್ತದೆ. ಅಲ್ಲಿ ಮುಖ್ಯವಾದದ್ದು ಪತ್ರ, ಇಲ್ಲಿ ಮುಖ್ಯವಾದದ್ದು ಜಮೀನು. ಒಂದೇ ವ್ಯವಹಾರ, ಎರಡು ಮಾದರಿ.

1994ರಲ್ಲಿ ಆಂಡಿ ಶ್ಯೂರ್ ಇಂಥದ್ದಕ್ಕೇ ಮೂರು ಗ್ರಾಫಿನ ವ್ಯಾಕರಣ ಕಟ್ಟಿದರು. ಎಡದಲ್ಲಿ ಒಂದು ವ್ಯವಸ್ಥೆ, ಬಲದಲ್ಲಿ ಇನ್ನೊಂದು, ನಡುವೆ ‘ಇದಕ್ಕೆ ಅದು’ ಅಂತ ಹೇಳುವ ಹೊಂದಾಣಿಕೆಯ ಗ್ರಾಫ್. ಮೂರೂ ಒಟ್ಟಿಗೆ ಹೇಗೆ ಬೆಳೆಯುತ್ತವೆ ಅಂತ ಒಂದು ನಿಯಮ ಬರೆದರೆ ಸಾಕು. ಅದರಿಂದ ಈ ಕಡೆಯಿಂದ ಆ ಕಡೆಗೆ ಕಳಿಸುವ ನಿಯಮವನ್ನೂ, ಆ ಕಡೆಯಿಂದ ಈ ಕಡೆಗೆ ತರುವ ನಿಯಮವನ್ನೂ ಯಂತ್ರವೇ ತೆಗೆಯುತ್ತದೆ. ಹೋಗುವಾಗ ಒಂದು ಲೆಕ್ಕ, ಬರುವಾಗ ಒಂದು ಲೆಕ್ಕ ಅನ್ನುವ ರಗಳೆ ತಪ್ಪುತ್ತದೆ.

ಎಲ್ಲ ಸಂದರ್ಭದಲ್ಲೂ ಹಿಂದಕ್ಕೆ ಬರೋಕಾಗುವುದಿಲ್ಲ, ಅದು ಬೇರೆ ಮಾತು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು ಬಾಕ್ಸ್ ಲೆಕ್ಕದಲ್ಲಿ, ಸುಮಾರು 15 ಕೆಜಿಯ ಬಾಕ್ಸ್. ಊರೂರಿನ ದರ ಹೋಲಿಸುವ ಪಟ್ಟಿಗಳಲ್ಲಿ ದರ ಕ್ವಿಂಟಾಲಿಗೆ. ಬಾಕ್ಸನ್ನು ಕ್ವಿಂಟಾಲು ಮಾಡಬಹುದು. ಕ್ವಿಂಟಾಲಿನಿಂದ ಎಷ್ಟು ಬಾಕ್ಸ್, ಯಾರ ಬಾಕ್ಸ್, ಯಾವ ಗುಣಮಟ್ಟದ್ದು ಅಂತ ವಾಪಸ್ ತೆಗೆಯೋಕೆ ಬರುವುದಿಲ್ಲ. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯನ್ನೂ ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್ ಅನ್ನೂ ಜೋಡಿಸುವುದಾಗಿ 2020ರಲ್ಲಿ ಹೇಳಿದಾಗ ನನಗೆ ಮೊದಲು ನೆನಪಾದದ್ದು ಈ ಬಾಕ್ಸೇ.

ಇಷ್ಟು ಒಳ್ಳೆಯದಾದರೆ ಯಾಕೆ ಎಲ್ಲೂ ಕಾಣುವುದಿಲ್ಲ?

ನ್ಯಾಯವಾದ ಪ್ರಶ್ನೆ. ಯುಎಂಎಲ್ ಅನ್ನು ಮಾನಕ ಮಾಡಿದ ಒಎಂಜಿ ಸಂಸ್ಥೆ 2001ರಲ್ಲಿ ಮಾದರಿಯಿಂದಲೇ ಸಾಫ್ಟ್‌ವೇರ್ ಹುಟ್ಟಿಸುವ ದೊಡ್ಡ ಕನಸು ಮುಂದಿಟ್ಟಿತು. ಮಾದರಿ ಬದಲಿಸುವ ಭಾಷೆಗೆ ಕ್ಯುವಿಟಿ ಅನ್ನುವ ಮಾನಕ 2008ರಲ್ಲಿ ಬಂತು. ಫ್ರಾನ್ಸಿನ ನಾಂಟ್‌ನಿಂದ ಎಟಿಎಲ್, ಬುಡಾಪೆಸ್ಟಿನಿಂದ ವಿಯಾತ್ರ, ಹೀಗೆ ಸಾಧನಗಳೂ ಸಾಲಾಗಿ ಬಂದವು. ಕಾರು, ವಿಮಾನದಂಥ ಕೆಲವು ಉದ್ಯಮಗಳಲ್ಲಿ ಮಾದರಿ ಇಟ್ಟುಕೊಂಡು ಕೆಲಸ ಮಾಡುವುದು ರೂಢಿಯಾಯಿತು. ಸಾಮಾನ್ಯ ಕಚೇರಿ ಸಾಫ್ಟ್‌ವೇರಿಗೆ ಅದು ಇಳಿಯಲಿಲ್ಲ.

ಕೆಲವರು ವೇಗದ ಕಾರಣ ಹೇಳುತ್ತಾರೆ. ದೊಡ್ಡ ಗ್ರಾಫಿನೊಳಗೆ ಸಣ್ಣ ಗ್ರಾಫ್ ಎಲ್ಲಿದೆ ಅಂತ ಹುಡುಕುವುದು ಕಷ್ಟದ ಲೆಕ್ಕ ಅಂತ 1971ರಿಂದಲೇ ಗೊತ್ತು, ಸ್ಟೀಫನ್ ಕುಕ್ ಅವರ ಪ್ರಬಂಧದಲ್ಲೇ ಇದೆ. ಆದರೆ ನಮ್ಮ ನಿಯಮದ ಎಡಗಡೆಯಲ್ಲಿ ಮೂರೋ ನಾಲ್ಕೋ ಡಬ್ಬಿ ಇರುತ್ತವೆ. ಅಷ್ಟಕ್ಕೆ ಇಂದಿನ ಕಂಪ್ಯೂಟರ್ ಸುಸ್ತಾಗುವುದಿಲ್ಲ. ನಿಜವಾದ ಕಾರಣ ಬೇರೆ. ಮಾದರಿಯನ್ನು ಒಂದು ಸಲ ಬರೆದು, ಪ್ರಾಜೆಕ್ಟ್ ವರದಿಗೆ ಅಂಟಿಸಿ, ಆಮೇಲೆ ಯಾರೂ ಮುಟ್ಟುವುದಿಲ್ಲ. ಆರು ತಿಂಗಳಲ್ಲಿ ಕೋಡು ಒಂದು ಕಡೆ, ಚಿತ್ರ ಒಂದು ಕಡೆ. ಹಳಸಿದ ಚಿತ್ರಕ್ಕೆ ಎಷ್ಟು ಚೆಂದದ ವ್ಯಾಕರಣ ಬರೆದು ಏನು ಪ್ರಯೋಜನ?

ಕಾಲೇಜಿನ ಪಾಲೂ ಇದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಎಲ್ಲಿ ಕಂಪ್ಯೂಟರ್ ಸೈನ್ಸ್ ಓದಿದರೂ ಆಟೊಮಾಟಾ ಥಿಯರಿ ಓದಲೇಬೇಕು. ಅದರಲ್ಲಿ ವ್ಯಾಕರಣ ಬರುತ್ತದೆ. ‘ಎ’ ಇದ್ದಷ್ಟೇ ‘ಬಿ’ ಇರುವ ಪದಗಳಿಗೆ ವ್ಯಾಕರಣ ಬರೆಯಿರಿ ಅಂತ ಪರೀಕ್ಷೆಯಲ್ಲಿ ಕೇಳುತ್ತಾರೆ, ಹುಡುಗರು ಬಾಯಿಪಾಠ ಮಾಡಿ ಬರೆಯುತ್ತಾರೆ. ಯುಎಂಎಲ್ ಇನ್ನೊಂದು ವಿಷಯದಲ್ಲಿ, ಇನ್ನೊಬ್ಬ ಮೇಷ್ಟ್ರ ಹತ್ತಿರ. ಎರಡಕ್ಕೂ ಸಂಬಂಧ ಇದೆ ಅಂತ ಹೇಳುವವರೇ ಇಲ್ಲ. ಒಂದು ಪಹಣಿ ಕೊಟ್ಟು ‘ಇದಕ್ಕೆ ಪೌತಿ ಖಾತೆಯ, ಅಂದರೆ ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರಿಗೆ ಖಾತೆ ಮಾಡುವ ನಿಯಮ ಬರೆಯಿರಿ, ಸಾಲದ ಕೊಂಡಿ ಬಿಟ್ಟುಹೋಗಬಾರದು’ ಅಂದರೆ ಮಕ್ಕಳಿಗೆ ಎಷ್ಟು ಬೇಗ ತಲೆಗೆ ಹೋಗುತ್ತದೆ, ಅಲ್ವಾ? ಪೌತಿ ಖಾತೆಯಲ್ಲಿ ಮಗಳ ಹೆಸರು ಬಿಟ್ಟುಹೋಗುವುದು ಯಾವ ಸಾಫ್ಟ್‌ವೇರಿನ ತಪ್ಪು ಅಂತ ಕೇಳಿದರೆ ಅದಕ್ಕೆ ಉತ್ತರ ತರಗತಿಯ ಹೊರಗೆ ಹುಡುಕಬೇಕು, ಅದು ಬೇರೆ.

ಎಐಗೆ ಯಾವ ಕೆಲಸ ಕೊಡಬೇಕು

1990ರ ದಶಕದ ಕೊನೆಯಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದ ಹಳೇ ಕೋಡನ್ನೆಲ್ಲ ತಿದ್ದಬೇಕಾಗಿ ಬಂತು. ಆಗ ಕೆನಡಾದ ಜೇಮ್ಸ್ ಕಾರ್ಡಿ ಮತ್ತು ಸಂಗಡಿಗರ ಟಿಎಕ್ಸ್‌ಎಲ್ ಅನ್ನುವ ಭಾಷೆಯಲ್ಲಿ ವ್ಯಾಕರಣ ಮತ್ತು ನಿಯಮ ಬರೆದು ನೂರಾರು ಕೋಟಿ ಸಾಲು ಕೋಡನ್ನು ಜಾಲಾಡಿದರು. ಆ ಹಳೇ ಭಾಷೆಗಳ ವ್ಯಾಕರಣವನ್ನು ಸರಿಯಾಗಿ ಬರೆಯುವುದೇ ದೊಡ್ಡ ಕಷ್ಟವಾಗಿತ್ತು. ಒಂದೇ ಕೋಬಾಲ್ ಅಂದರೂ ಕಂಪನಿಗೊಂದು ತರಹ. ನಿಯಮ ಬರೆಯಬಲ್ಲ ಜನ ಕಡಿಮೆ, ಅವರ ಸಮಯ ತುಟ್ಟಿ.

ಎಐ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಹಳೇ ಕೋಡು ಓದಿ ‘ಇದರೊಳಗೆ ಇಂಥ ಮಾದರಿ ಇರುವ ಹಾಗಿದೆ’ ಅಂತ ಚಿತ್ರ ಬಿಡಿಸುವುದು, ‘ಇಂಥ ನಿಯಮ ಬೇಕಾಗಬಹುದು’ ಅಂತ ಕರಡು ಬರೆಯುವುದು, ಇವೆರಡನ್ನೂ ಚೆನ್ನಾಗೇ ಮಾಡುತ್ತದೆ. ಚಿತ್ರ ಹಳಸುವ ಹಳೇ ಕಾಯಿಲೆಗೂ ಇದು ಮದ್ದಾಗಬಹುದು. ಆದರೆ ಪಹಣಿಗಳನ್ನೇ ಅದರ ಕೈಗೆ ಕೊಟ್ಟು ‘ಒಂದೊಂದಾಗಿ ಬದಲಿಸು’ ಅನ್ನಬಾರದು. ಒಂದೇ ಪ್ರಶ್ನೆಗೆ ಇಂದು ಒಂದು ಉತ್ತರ, ನಾಳೆ ಇನ್ನೊಂದು ಉತ್ತರ ಕೊಡುವ ಸ್ವಭಾವ ಅದಕ್ಕಿದೆ. ಹತ್ತು ಸಾವಿರ ದಾಖಲೆಗಳಲ್ಲಿ ಯಾವುದರಲ್ಲಿ ಏನು ಮಾಡಿತು ಅಂತ ಕೂತು ನೋಡುವವರು ಯಾರು? ಹತ್ತು ಹನ್ನೆರಡು ನಿಯಮಗಳನ್ನು ಕೂತು ನೋಡಬಹುದು.

ಎಐ ಕೊಡುವ ಉತ್ತರವನ್ನೇ ವ್ಯಾಕರಣದ ಬೇಲಿಯೊಳಗೆ ಇಡುವ ಉಪಾಯವೂ ಈಗ ಬಳಕೆಯಲ್ಲಿದೆ. ಮುಂದಿನ ತುಣುಕು ಬರೆಯುವ ಮೊದಲೇ, ವ್ಯಾಕರಣ ಒಪ್ಪದ ತುಣುಕುಗಳನ್ನೆಲ್ಲ ಪಕ್ಕಕ್ಕೆ ಇಟ್ಟುಬಿಡುವುದು. ಹೀಗೆ ಬಂದ ಉತ್ತರ ಆಕಾರದಲ್ಲಿ ತಪ್ಪುವುದಿಲ್ಲ. ಅರ್ಥದಲ್ಲಿ ತಪ್ಪಬಹುದು. 84 ಗುಂಟೆ ಅನ್ನುವುದೂ ವ್ಯಾಕರಣದ ಪ್ರಕಾರ ಸರಿಯಾದ ವಿಸ್ತೀರ್ಣವೇ. ಇದನ್ನು ಮಾರುವವರು ಮೊದಲನೆಯದನ್ನು ಗಟ್ಟಿಯಾಗಿ ಹೇಳಿ ಎರಡನೆಯದನ್ನು ನುಂಗುತ್ತಾರೆ.

ನಿಯಮ ಕಣ್ಣಿಗೆ ಕಾಣುವ ಹಾಗಿದ್ದರೆ ಇನ್ನೊಂದು ಲಾಭ ಇದೆ, ಅದು ತಂತ್ರಜ್ಞಾನದ್ದಲ್ಲ. ಗ್ರಾಫ್ ನಿಯಮ ಅಂದರೆ ಎಡಗಡೆ ಒಂದು ಚಿತ್ರ, ಬಲಗಡೆ ಒಂದು ಚಿತ್ರ. ತಾಲ್ಲೂಕು ಕಚೇರಿಯ ಶಿರಸ್ತೇದಾರರ ಮುಂದೆ, ಹಳ್ಳಿ ತಿರುಗಿದ ಗ್ರಾಮ ಆಡಳಿತಾಧಿಕಾರಿಯ ಮುಂದೆ ಅದನ್ನು ಹರಡಬಹುದು. ‘ಪಾಲು’ ನಿಯಮ ನೋಡಿದ ಕೂಡಲೇ ಅವರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಸಮ ಹಂಚು ಅಂತ ಯಾರು ಸಾರ್ ಹೇಳಿದ್ದು?’ ಆ ಪ್ರಶ್ನೆ ಕೋಡು ತೋರಿಸಿದರೆ ಬರುವುದಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಇಪ್ಪತ್ತು ವರ್ಷದಿಂದ ಬೇರೆ ಬೇರೆ ಉಳುತ್ತಿರುತ್ತಾರೆ. ಅಳತೆ ಮಾಡಿ ದಾಖಲೆಯಲ್ಲೂ ಬೇರೆ ಮಾಡುವ ಪೋಡಿ ಆಗಿರುವುದಿಲ್ಲ. ಕೆರೆ ಕಡೆಯ ತುಂಡು ದೊಡ್ಡವನಿಗೆ, ಕಲ್ಲಿನ ಕಡೆಯದು ಚಿಕ್ಕವನಿಗೆ. ಪಹಣಿಯಲ್ಲಿ ಮಾತ್ರ ಇಬ್ಬರ ಹೆಸರೂ ಒಟ್ಟಿಗೆ. ಇದನ್ನು ಯಾವ ನಿಯಮವೂ ಊಹಿಸಲಾರದು, ಊಹಿಸಲೂ ಬಾರದು. ಅಂಥ ದಾಖಲೆ ಬಂದಾಗ ನಿಯಮ ಹೊಂದದೆ ಸುಮ್ನೆ ಪಕ್ಕಕ್ಕೆ ಇಡಬೇಕು.

ಹಾಗಾಗಿ ಹಳೇ ವ್ಯವಸ್ಥೆ ಬದಲಿಸುವ ಟೆಂಡರ್ ಕರೆಯುವಾಗ ಹೊಸ ಸಾಫ್ಟ್‌ವೇರಿನ ಜೊತೆಗೆ ಬದಲಾವಣೆಯ ನಿಯಮಗಳನ್ನೂ ಓದುವಂತೆ ಬರೆದುಕೊಡಿ ಅಂತ ಕೇಳಬೇಕು. ಯಾವ ನಿಯಮಕ್ಕೂ ಯಾವ ನಿಯಮಕ್ಕೂ ಜಗಳ ಇದೆ, ಯಾವ ಕ್ರಮ ಇಟ್ಟುಕೊಂಡಿದ್ದೀರಿ, ಆ ಕ್ರಮವನ್ನು ಒಪ್ಪಿದವರು ಯಾರು ಅನ್ನುವುದೂ ಅದರಲ್ಲಿ ಇರಬೇಕು. ಯಾವ ನಿಯಮಕ್ಕೂ ಹೊಂದದೆ ಉಳಿದ ದಾಖಲೆಗಳ ಪಟ್ಟಿಯನ್ನು ಹಳ್ಳಿವಾರು ಮಾಡಿ, ಹೊಸ ವ್ಯವಸ್ಥೆ ಚಾಲೂ ಮಾಡುವ ಮೊದಲೇ ತಾಲ್ಲೂಕು ಕಚೇರಿಗೆ ಕೊಡಬೇಕು.